ಗೊಂಬೆಮಾಮನ ಹಾಸಿಗೆ

ಮನುಷ್ಯರು ಸುಳ್ಳು ಹೇಳುತ್ತಾರೆ. ಗೋಡೆ ಗಡಿಯಾರ ಸುಳ್ಳು ಹೇಳುತ್ತದೆ. ಆಸ್ಪತ್ರೆಯ ಲಿಫ್ಟಿನ ಮೇಲಿನ ಕೆಂಪು ಅಂಕಿಯಂತೂ ಹುಟ್ಟಾ ಸುಳ್ಳುಗಾರ. ಆದರೆ ಗಾದಿ ಮಾತ್ರ ಸುಳ್ಳು ಹೇಳುವುದಿಲ್ಲ. ಬೆನ್ನು ತಾಗಿಸಿದ ಕ್ಷಣವೇ, ನೀನು ಎಷ್ಟು ದಣಿದಿದ್ದೀ ಎಂಬುದನ್ನು ಯಾವ ಮುಲಾಜೂ ಇಲ್ಲದೆ ಹೇಳಿಬಿಡುತ್ತದೆ. ಇದು ಅಂಥ ಒಂದು ಗಾದಿಯ ಮೇಲೆ ನಡೆದ ಸತ್ಯಕತೆ. ನಂಬದವರು ಹೋಗಿ ಆ ಗಾದಿಯನ್ನೇ ಕೇಳಬಹುದು. ಸರದಿ ಸಿಕ್ಕರೆ.

ಎಲ್ಲ ಶುರುವಾದದ್ದು ಒಂದು ಸ್ಟೂಲಿನಿಂದ.

ಗಂಡಸರ ವಾರ್ಡಿನಲ್ಲಿ ನರ್ಸುಗಳಿಗೆ ಕೂರಲು ಇದ್ದದ್ದು ಅದೊಂದೇ ಪ್ಲಾಸ್ಟಿಕ್ ಸ್ಟೂಲು. ಕಾಲು ನಾಲ್ಕಿದ್ದರೂ ಅವುಗಳಲ್ಲಿ ಒಮ್ಮತವಿರಲಿಲ್ಲ. ಬಲಗಡೆ ವಾಲಿ ಕೂರಬೇಕು, ಉಸಿರು ಮೆಲ್ಲಗೆ ಬಿಡಬೇಕು, ಸೀನುವಂತಿಲ್ಲ. ಈ ಕಾನೂನು ಗೊತ್ತಿಲ್ಲದ ಒಬ್ಬ ರೋಗಿಯ ಭಾವಮೈದುನ, ಬೀರುವಿನಂಥ ಆಳು, ಬೆಳಗ್ಗೆ ಬೆಳಗ್ಗೆಯೇ ಬಂದು "ಒಂದೇ ನಿಮಿಷ ಕೂತ್ಕೋತೀನಿ" ಎಂದು ಕೂತ. ನಿಮಿಷ ಪೂರ್ತಿಯಾಗಲಿಲ್ಲ. ಸ್ಟೂಲಿನ ನಾಲ್ಕು ಕಾಲುಗಳು ನಾಲ್ಕು ದಿಕ್ಕಿಗೆ ಹೋದವು. ಬೀಳುತ್ತಿದ್ದ ಬೀರುವನ್ನು ಹಿಡಿಯಲು ಬ್ರದರ್ ಬಗ್ಗಿದ.

ಬೀರು ಉಳಿಯಿತು. ಬ್ರದರ್ ಬೆನ್ನು "ಕಟಕ್" ಎಂದಿತು.

ಬ್ರದರ್ ಎಂದರೆ ಆ ವಾರ್ಡಿನ ಗಂಡು ನರ್ಸು. ಆಸ್ಪತ್ರೆಯಲ್ಲಿ ಅವನಿಗೆ ಬೇರೆ ಹೆಸರಿರಲಿಲ್ಲ. ರೋಗಿಗಳಿಗೆ ಬ್ರದರ್, ಡಾಕ್ಟರುಗಳಿಗೆ ಬ್ರದರ್, ಗೇಟಿನ ಕಾವಲುಗಾರನಿಗೆ ಬ್ರದರ್, ವಾರ್ಡಿಗೆ ಫೋನು ಮಾಡಿ ಮಾಡಿ ಅಭ್ಯಾಸವಾಗಿ ಒಮ್ಮೆ ಅವನ ಹೆಂಡತಿಯೂ "ಬ್ರದರ್ ಇದಾರಾ?" ಎಂದು ಅವನನ್ನೇ ಕೇಳಿ, ಆಮೇಲೆ ಎರಡು ದಿನ ಅವನ ಮುಖ ನೋಡಿರಲಿಲ್ಲ. ಒಳ್ಳೆಯ ಕೆಲಸಗಾರ. ಯಾವ ರೋಗಿ ನರಳಿದರೂ "ಆಗುತ್ತೆ, ಆಗುತ್ತೆ, ಎಲ್ಲಾ ಸರಿಯಾಗುತ್ತೆ" ಎನ್ನುತ್ತ ಓಡುತ್ತಿದ್ದ. ಓಡುವುದರಲ್ಲಿ ಅವನಿಗೆ ಬೇಸರವಿರಲಿಲ್ಲ. ಕೂರಲಾಗದಿರುವುದರಲ್ಲಿ ಇತ್ತು.

ಆದ್ದರಿಂದಲೇ ಅವನು ಒಂದು ಕುರ್ಚಿಯನ್ನು ಪ್ರೀತಿಸಿದ್ದ.

ಅದು ಔಷಧಿ ಸ್ಟೋರಿನ ಕುರ್ಚಿ. ಸ್ಟೋರಿನ ಕಿಟಕಿಯಿಂದ ಅದರ ಬೆನ್ನಷ್ಟೇ ಕಾಣುತ್ತಿತ್ತು. ಎತ್ತರದ, ಕಪ್ಪನೆಯ, ಮೆತ್ತನೆಯ ಬೆನ್ನು. ತಿರುಗುವ ಜಾತಿಯದು. ಸ್ಟೋರಿನ ಮುದುಕಪ್ಪ ಈ ತಿಂಗಳು ನಿವೃತ್ತನಾಗುವವನಿದ್ದ. ಆ ಜಾಗಕ್ಕೆ ತನ್ನನ್ನು ಹಾಕಿ ಎಂದು ಬ್ರದರ್ ದೊಡ್ಡ ಡಾಕ್ಟರ ಮುಂದೆ ಹಲ್ಲು ಕಿರಿದಿದ್ದ. ಆಸ್ಪತ್ರೆಗೆಲ್ಲ ಅವರೇ ಯಜಮಾನರು. "ಬುಧವಾರ ಊಟದ ಬಿಡುವಾದ ಮೇಲೆ ಬಾ, ಮಾತಾಡೋಣ" ಎಂದಿದ್ದರು.

ಇವತ್ತೇ ಬುಧವಾರ. ಬೆನ್ನು ಇವತ್ತೇ ಕೈಕೊಟ್ಟಿತ್ತು.

"ಅಯ್ಯೋ, ಏನ್ ಬ್ರದರ್, ಪ್ರಶ್ನಾರ್ಥಕ ಚಿಹ್ನೆ ಥರಾ ನಿಂತಿದೀರಾ?" ಎಂದಳು ವಾರ್ಡಿನ ಆಯಾ. ಅವಳನ್ನು ಎಲ್ಲರೂ ಸುದ್ದಿಯಕ್ಕ ಎನ್ನುತ್ತಿದ್ದರು. ನೆಲ ಒರೆಸುವ ಕೋಲು ಹಿಡಿದು ಮಹಡಿಯಿಂದ ಮಹಡಿಗೆ ಹೋಗುವಷ್ಟರಲ್ಲಿ ಕೆಳಗಿನ ಸುದ್ದಿ ಮೇಲೆ, ಮೇಲಿನದು ಕೆಳಗೆ. ನೆಲ ಒಣಗುವ ಮೊದಲೇ ಸುದ್ದಿ ಹಳತಾಗುತ್ತಿತ್ತು.

"ಬೆನ್ನು ಹಿಡ್ಕೊಂಡಿದೆ ಅಕ್ಕಾ. ಯಾರಿಗೂ ಹೇಳ್ಬೇಡ. ಬೆನ್ನು ಹಿಡಿದೋನಿಗೆ ಸ್ಟೋರ್ ಯಾಕೆ, ಪೆಟ್ಟಿಗೆ ಎತ್ತೋರು ಯಾರು ಅಂತಾರೆ ದೊಡ್ಡೋರು."

"ನಾನ್ಯಾಕೆ ಹೇಳ್ಲಿ? ನನ್ ಬಾಯಿ ಬೀಗ ಹಾಕಿದ ಬೀರು."

ಹತ್ತೇ ನಿಮಿಷದಲ್ಲಿ ಎಕ್ಸ್-ರೇ ಕೋಣೆಯವನು ಬಂದು "ಬಿಸಿನೀರು ಚೀಲ ಇಡು" ಎಂದ. ಲ್ಯಾಬಿನವಳು "ತಣ್ಣೀರು ಇಡು" ಎಂದಳು. ಕ್ಯಾಂಟೀನಿನವನು ಬಾಗಿಲ ಚೌಕಟ್ಟು ಹಿಡಿದು ನೇತಾಡಲು ಹೇಳಿದ. ಕಣ್ಣಿನ ವಾರ್ಡಿನ ನರ್ಸಕ್ಕ ಬಂದು ಸುಮ್ಮನೆ ಅಯ್ಯೋ ಪಾಪ ಅಂದು, ಅವನ ಪೆನ್ನು ಜೇಬಿಗಿಳಿಸಿಕೊಂಡು ಹೋದಳು. ಬೀರುವಿನ ಬೀಗ ಅಷ್ಟು ಗಟ್ಟಿ.

ಊಟದ ಬಿಡುವಾಯಿತು. ಬುತ್ತಿ ಬಿಚ್ಚುವ ಮನಸ್ಸೂ ಇರಲಿಲ್ಲ ಅವನಿಗೆ. ಒಂದು ಗಳಿಗೆ ಬೆನ್ನು ನೆಟ್ಟಗೆ ಮಾಡಿಕೊಂಡರೆ ಸಾಕು, ಆಮೇಲೆ ಸೈನಿಕನಂತೆ ನಡೆದು ದೊಡ್ಡ ಡಾಕ್ಟರ ಕೋಣೆಗೆ ಹೋಗಿಬಿಡಬಹುದು. ಆದರೆ ಎಲ್ಲಿ ಮಲಗುವುದು? ವಾರ್ಡಿನ ಮಂಚಗಳೆಲ್ಲ ತುಂಬಿದ್ದವು. ಬೆಂಚುಗಳ ಮೇಲೆ ರೋಗಿಗಳ ನೆಂಟರು. ಮೆಟ್ಟಿಲ ಮೇಲೆ ನೆಂಟರ ನೆಂಟರು. ಹೀಗೆ ಪ್ರಶ್ನಾರ್ಥಕ ಚಿಹ್ನೆಯಾಗಿಯೇ ಕಾರಿಡಾರಿನ ಕೊನೆ ಮುಟ್ಟಿದಾಗ, ಎದುರಿಗೆ ತರಬೇತಿ ಕೋಣೆಯ ಬಾಗಿಲು ಅರೆ ತೆರೆದಿತ್ತು.

ಅದು ನರ್ಸಿಂಗ್ ಕಲಿಯುವ ಹುಡುಗಿಯರ ಕೋಣೆ. ಅಲ್ಲಿ ಒಂದು ಮಂಚ. ಮಂಚದ ಮೇಲೆ ಆಳೆತ್ತರದ ಒಂದು ರಬ್ಬರ್ ಗೊಂಬೆ. ಹುಡುಗಿಯರು ಅದಕ್ಕೇ ಪಟ್ಟಿ ಕಟ್ಟಿ, ಅದಕ್ಕೇ ಸೂಜಿ ಚುಚ್ಚಿ ಕೈ ಪಳಗಿಸಿಕೊಳ್ಳುತ್ತಿದ್ದರು. ಅದಕ್ಕೆ ಗೊಂಬೆಮಾಮ ಎಂದು ಹೆಸರು. ಅವರ ಟ್ಯೂಟರಮ್ಮನದು ಒಂದು ನಿಯಮವಿತ್ತು: ಗೊಂಬೆಯೆಂದು ಗೊಂಬೆಯ ಥರ ನೋಡುವಂತಿಲ್ಲ. ಮುಟ್ಟುವ ಮೊದಲು ಹೇಳಬೇಕು, ತಿರುಗಿಸುವ ಮೊದಲು ಕೇಳಬೇಕು, ನೋವಿದೆಯಾ ಎಂದು ವಿಚಾರಿಸಬೇಕು. ಕೇಳದೆ ಮುಟ್ಟಿದವಳು ಮಾಮನಿಗೆ ಎಲ್ಲರೆದುರು ಕ್ಷಮೆ ಕೇಳಬೇಕಿತ್ತು.

ಇನ್ನು ಆ ಹಾಸಿಗೆ! ಇಡೀ ಆಸ್ಪತ್ರೆಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಯಾರೋ ಪುಣ್ಯಾತ್ಮರು ತರಬೇತಿಗೆಂದೇ ದಾನ ಕೊಟ್ಟ, ಮೊಳಕೈ ಒತ್ತಿದರೆ ಮೊಳಕೈಯೇ ಮಾಯವಾಗುವಂಥ ಗಾದಿ. ಆಸ್ಪತ್ರೆಯಲ್ಲಿ ಬೆನ್ನುನೋವೇ ಬಾರದ ಏಕೈಕ ಜೀವಿಗೆ, ಅಂದರೆ ಗೊಂಬೆಗೆ, ಅದು ಮೀಸಲು.

"ಕ್ಷಮಿಸು ಮಾಮ, ಸ್ವಲ್ಪ ಸರ್ಕೋ" ಎಂದ ಬ್ರದರ್. ನಿಯಮ ನಿಯಮವೇ. ಗೊಂಬೆಯನ್ನು ಮೆಲ್ಲಗೆ ಜಾರಿಸಿ ಪರದೆಯ ಹಿಂದೆ ನಿಲ್ಲಿಸಿದ. ಬೂಟು ಬಿಚ್ಚಿ ಮಂಚದ ಕೆಳಗಿಟ್ಟ. ಮಲಗಿದ.

ಗಾದಿ ಸತ್ಯ ಹೇಳಿತು. ಎಷ್ಟು ಜೋರಾಗಿ ಹೇಳಿತೆಂದರೆ, "ಐದೇ ನಿಮಿಷ" ಎಂದುಕೊಂಡ ಬ್ರದರ್, ಆ ವಾಕ್ಯದ "ನಿಮಿಷ" ತಲುಪುವ ಮೊದಲೇ ಗೊರಕೆ ತಲುಪಿದ್ದ.

ಎಚ್ಚರವಾದದ್ದು ಹೆಜ್ಜೆ ಸಪ್ಪಳಕ್ಕೆ. ಒಂದಲ್ಲ, ಇಪ್ಪತ್ತು ಕಾಲುಗಳ ಸಪ್ಪಳ. ನಡುವೆ ಟ್ಯೂಟರಮ್ಮನ ದನಿ. "ಸಾಲಾಗಿ! ಗಲಾಟೆ ಬೇಡ! ಮಾಮ ಮಲಗಿದಾರೆ!"

ಬ್ರದರ್ ತಟ್ಟನೆ ಕಣ್ಣು ಬಿಟ್ಟ. ಕೆಲಸದ ಹೊತ್ತಿನಲ್ಲಿ ಗೊಂಬೆಯ ಹಾಸಿಗೆಯಲ್ಲಿ ಸಿಕ್ಕಿಬಿದ್ದನೆಂದರೆ ಕುರ್ಚಿಯ ಕತೆ ಅಲ್ಲಿಗೇ ಮುಗಿಯಿತು. ಏಳಲು ಸಮಯವಿಲ್ಲ, ಎದ್ದರೂ ಬೆನ್ನು ಏಳಬೇಕಲ್ಲ. ಪಕ್ಕದಲ್ಲಿ ನೇತಾಡುತ್ತಿದ್ದ ಗೊಂಬೆಯ ಆಕ್ಸಿಜನ್ ಮಾಸ್ಕನ್ನು ಮೂತಿಗೆ ಏರಿಸಿ, ತಲೆಗೆ ಹಸಿರು ಟೊಪ್ಪಿಗೆ ಎಳೆದು, ಹೊದಿಕೆಯನ್ನು ಗದ್ದದವರೆಗೆ ಹೊದ್ದು, ಕಣ್ಣು ಮುಚ್ಚಿ, ಬ್ರದರ್ ರಬ್ಬರಾದ.

"ಇವತ್ತಿನ ಪಾಠ ಸೂಜಿ ಹಾಕೋದು ಅಲ್ವಾ ಮೇಡಂ?" ಕೇಳಿತು ಒಂದು ಕೊರಳು.

ಹೊದಿಕೆಯ ಕೆಳಗೆ ರಬ್ಬರು ಬೆವೆತಿತು.

"ಬೇಡ" ಎಂದಳು ಟ್ಯೂಟರಮ್ಮ. "ಸೂಜಿ ನಾಳೆ ಇಟ್ಕೊಳ್ಳೋಣ. ಇವತ್ತು ಕಾಲು ತೊಳೆಯೋದು, ಬೆನ್ನು ತಿಕ್ಕೋದು. ಹೋಗಿ ನೀರು ತನ್ನಿ. ಬಿಸಿನೀರು."

"ಗೊಂಬೆಗೆ ಬಿಸಿನೀರಾ ಮೇಡಂ? ದಿನಾ ನಲ್ಲಿ ನೀರೇ ಅಲ್ವಾ?"

"ಇವತ್ತು ಬಿಸಿನೀರು."

ಬದುಕಿದೆಯಾ ಬಡಜೀವವೇ ಎಂದುಕೊಂಡ ಬ್ರದರ್. ತನ್ನ ನಟನೆಯ ಮೇಲೆ ಅವನಿಗೆ ಆಗಲೇ ಸಣ್ಣ ಹೆಮ್ಮೆ ಮೂಡಿತ್ತು. ಇಪ್ಪತ್ತು ಕಣ್ಣು ಮೂರಡಿ ದೂರದಿಂದ ನೋಡುತ್ತಿದ್ದರೂ ಒಬ್ಬಳಿಗಾದರೂ ಅನುಮಾನ ಬಂತೇ?

"ಮೇಡಂ, ಮಾಮ ಬೆಚ್ಚಗಿದಾರೆ" ಎಂದಳು ಪಾದ ಮುಟ್ಟಿದ ಕನ್ನಡಕದ ಹುಡುಗಿ.

"ಬಿಸಿಲಿಗೆ ಒಣಗಿಸಿದ್ದೆ."

"ಮಾಮನಿಗೆ ಹೊಟ್ಟೆ ಬಂದಿದೆ ಮೇಡಂ. ಹೋದ ವಾರ ಇರ್ಲಿಲ್ಲ" ಎಂದಳು ಇನ್ನೊಬ್ಬಳು. ಅವಳು ತರಗತಿಯ ತುಂಟಿ, ಯಾರ ದನಿ ಬೇಕಾದರೂ ತೆಗೆಯುತ್ತಿದ್ದವಳು.

"ಗಾಳಿ ತುಂಬಿಸಿದೀವಿ. ಸ್ವಲ್ಪ ಜಾಸ್ತಿ ಆಗಿದೆ."

ಹೊಟ್ಟೆಯನ್ನು ಒಳಗೆಳೆದುಕೊಳ್ಳಬೇಕೆಂಬ ಆಸೆಯನ್ನು ಬ್ರದರ್ ಹಲ್ಲು ಕಚ್ಚಿ ತಡೆದ. ಅಷ್ಟರಲ್ಲಿ, ಬುತ್ತಿ ಕಾಣದ ಆ ಹೊಟ್ಟೆ ತಾನಾಗಿಯೇ "ಗುರ್ರ್ರ್" ಎಂದು ಹಳೆಯ ಬಸ್ಸಿನಂತೆ ಸ್ಟಾರ್ಟಾಯಿತು.

"ಪೈಪಿನಲ್ಲಿ ಗಾಳಿ" ಎಂದಳು ಟ್ಯೂಟರಮ್ಮ, ಯಾರೂ ಕೇಳುವ ಮೊದಲೇ. ಎಲ್ಲೋ ಒಬ್ಬಳು ಕಿಸಕ್ಕೆಂದಳು. ಒಬ್ಬಳಿಗೆ ಜೋರು ಕೆಮ್ಮು ಬಂತು.

ಬಿಸಿನೀರು ಬಂತು.

"ಮಾಮ, ಈಗ ನಿಮ್ಮ ಕಾಲು ತೊಳೀತೀವಿ. ನೀರು ಬಿಸಿ ಜಾಸ್ತಿ ಆದ್ರೆ ಹೇಳಿ" ಎಂದಳು ಕನ್ನಡಕದವಳು.

ಅದುವರೆಗೆ ಎಷ್ಟು ಕಾಲುಗಳನ್ನು ತೊಳೆದಿದ್ದನೋ ಬ್ರದರ್. ಮುದುಕರದು, ಕುಡುಕರದು, ಗಾರೆ ಕೆಲಸದವರದು. ತನ್ನ ಕಾಲನ್ನು ಇನ್ನೊಬ್ಬರು ತೊಳೆದದ್ದು ಯಾವಾಗಲೋ, ಅವ್ವನ ಕಾಲದಲ್ಲಿ. ಮೆತ್ತನೆಯ ಬಟ್ಟೆ ಬೆರಳ ಸಂದಿಗಳಲ್ಲಿ ಹಾಯಿತು. ಬೆಳಗಿನಿಂದ ಓಡಿದ ಓಟವೆಲ್ಲ ಬೇಸಿನ್ನಿನಲ್ಲಿ ಕರಗಿದಂತಾಯಿತು. ಆಹಾ ಎನ್ನಬೇಕೆನಿಸಿತು. ಗೊಂಬೆಗಳು ಆಹಾ ಎನ್ನುವುದಿಲ್ಲ. ನುಂಗಿಕೊಂಡ.

"ಮಾಮ, ಈಗ ನಿಮ್ಮನ್ನು ಎಡಕ್ಕೆ ತಿರುಗಿಸ್ತೀವಿ. ಹೆದರ್ಬೇಡಿ, ಹಿಡ್ಕೊಂಡಿದೀವಿ."

ನಾಲ್ಕು ಜೋಡಿ ಕೈ ಅವನನ್ನು ಹಸುಗೂಸಿನಂತೆ ಹೊರಳಿಸಿದವು. ಅಂಗಿಯ ಮೇಲಿಂದಲೇ ಬೆನ್ನು ತಿಕ್ಕಲು ಶುರು. ಕಟಕ್ ಎಂದಿದ್ದ ಜಾಗಕ್ಕೇ ಸರಿಯಾಗಿ ಬಂದು ನಿಂತಿತು ಒಂದು ಹೆಬ್ಬೆರಳು.

ಅಷ್ಟರಲ್ಲಿ ತುಂಟಿಗೆ ಕೊರಳು ತುರಿಸಿತು. "ಮೇಡಂ, ವಾರ್ಡಿನ ಬ್ರದರ್ ಆಗಿದ್ರೆ ಹೇಗೆ ತಿಕ್ತಿದ್ರು ತೋರಿಸ್ಲಾ?" ಎಂದವಳೇ ದನಿ ದಪ್ಪ ಮಾಡಿದಳು. "ಆಗುತ್ತೆ, ಆಗುತ್ತೆ, ಎಲ್ಲಾ ಸರಿಯಾಗುತ್ತೆ! ಯಜಮಾನ್ರೇ, ಬೆಡ್‌ಪ್ಯಾನ್ ಬೇಕಾ? ಈಗ್ಲೇ ಬೇಕಾ? ಆಗಬೇಕಾದ್ದು ಆಗೋಯ್ತಾ? ಆಗುತ್ತೆ, ಆಗುತ್ತೆ!"

ಕೋಣೆ ಗೊಳ್ಳೆಂದಿತು. ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಬ್ರದರ್‌ಗೆ ಮೈ ಉರಿಯಿತು. ತನ್ನ ದನಿ ಅಷ್ಟು ಕೆಟ್ಟದಾಗಿದೆಯೇ? ಅದಕ್ಕಿಂತ ಹೆಚ್ಚಾಗಿ, ತನಗೂ ನಗು ಬರುತ್ತಿತ್ತು. ಮಾಸ್ಕಿನೊಳಗೆ ಆವಿ ಕಟ್ಟಿತು.

"ನಗಬೇಡ್ರೇ" ಎಂದಳು ಕನ್ನಡಕದವಳು, ಕೈ ನಿಲ್ಲಿಸದೆ. "ನಾನು ಮೊದಲನೇ ದಿನ ವಾರ್ಡಿನಲ್ಲಿ ರಕ್ತ ನೋಡಿ ಮೂರ್ಛೆ ಹೋದೆ. ಬ್ರದರೇ ಹಿಡ್ಕೊಂಡ್ರು. ಎಲ್ಲರ ಮುಂದೆ 'ನಾನೇ ನೆಲಕ್ಕೆ ನೀರು ಚೆಲ್ಲಿದ್ದೆ, ಈ ಹುಡುಗಿ ಜಾರಿದ್ಲು' ಅಂತ ಹೇಳಿ ಬೈಸಿಕೊಂಡ್ರು. ಅವತ್ತು ಹಾಗೆ ಹೇಳಿರದಿದ್ರೆ ನಾನು ಸಂಜೆ ಬಸ್ಸಿಗೇ ಊರಿಗೆ ಹೋಗಿಬಿಡ್ತಿದ್ದೆ."

ನಿಯಮದ ಪ್ರಕಾರ ಬಗ್ಗಿ ಅವಳು ಕಿವಿಯ ಹತ್ತಿರ ಕೇಳಿದಳು: "ಮಾಮ, ನೋವಿದೆಯಾ?"

ದಿನವಿಡೀ ಇದೇ ಪ್ರಶ್ನೆಯನ್ನು ವಾರ್ಡಿನ ಉದ್ದಕ್ಕೂ ಕೇಳುತ್ತ ಹೋಗುವವನು ಬ್ರದರ್. ಅದನ್ನು ಯಾರಾದರೂ ತಿರುಗಿ ತನಗೇ ಕೇಳಿದ್ದು ಅವನಿಗೆ ನೆನಪಿಲ್ಲ. ಗೊಂಬೆಯ ಬಲಗಣ್ಣಿನಿಂದ ಒಂದು ಹನಿ ಹೊರಟು, ಮೂಗು ದಾಟಿ, ಎಡಗಣ್ಣಿನ ಹನಿಯನ್ನು ಕರೆದುಕೊಂಡು ದಿಂಬಿಗಿಳಿಯಿತು.

"ಮೇಡಂ, ಮಾಮ ಅಳ್ತಿದಾರೆ."

"ವಾಷರ್ ಹೋಗಿರಬೇಕು" ಎಂದಳು ಟ್ಯೂಟರಮ್ಮ. ಯಾಕೋ ಅವಳ ದನಿಯ ವಾಷರೂ ಸ್ವಲ್ಪ ಹೋಗಿತ್ತು.

ಮಾಮನನ್ನು ಮತ್ತೆ ಅಂಗಾತ ಮಲಗಿಸುವ ಹೊತ್ತಿಗೆ ಬಾಗಿಲಲ್ಲಿ ಒರೆಸುವ ಕೋಲು ಕಾಣಿಸಿತು. ಹಿಂದೆಯೇ ಸುದ್ದಿಯಕ್ಕ.

"ಮೇಡಮ್ಮೋರೇ, ನಮ್ ಬ್ರದರ್ ಕಂಡ್ರಾ? ದೊಡ್ಡೋರು ಕೋಣೇಲಿ ಕಾದೂ ಕಾದೂ ಕೆಂಡ ಆಗಿದಾರೆ! ಈಗಿಂದೀಗ ಬಂದು ಎದುರಿಗೆ ನಿಲ್ಲದಿದ್ರೆ ಆ ಸ್ಟೋರ್ ಕೆಲಸ ಎಕ್ಸ್-ರೇಯವನಿಗಂತೆ!"

"ಇಲ್ವಲ್ಲ ಸುದ್ದಿಯಕ್ಕ. ಇಲ್ಲಿ ನಾವು, ಮಾಮ, ಇಷ್ಟೇ."

ಹೊದಿಕೆಯ ಕೆಳಗೆ ಬ್ರದರ್‌ಗೆ ಬೆಂಕಿ ಬಿದ್ದಂತಾಯಿತು. ಎದ್ದರೆ ಮಾನ ಹೋಗುತ್ತದೆ, ಮಾನದ ಹಿಂದೆ ಕುರ್ಚಿಯೂ ಹೋಗುತ್ತದೆ. ಮಲಗಿದ್ದರೆ ಮಾನ ಉಳಿಯುತ್ತದೆ, ಕುರ್ಚಿ ಎಕ್ಸ್-ರೇಯವನ ಪಾಲು. ಆ ಎಕ್ಸ್-ರೇಯವನೋ, ದಿನವಿಡೀ ಕತ್ತಲಲ್ಲಿ ಕೂತೇ ಇರುವ ಪ್ರಾಣಿ! ಎಡಗಾಲ ಹೆಬ್ಬೆರಳು ಏಳೋಣವೆಂದಿತು, ಬಲಗಾಲಿನದು ಬೇಡವೆಂದಿತು. ಎರಡೂ ಹೊದಿಕೆಯ ತುದಿಯಲ್ಲಿ ಜಗಳವಾಡುತ್ತಿರುವುದನ್ನು ಹತ್ತೂ ಹುಡುಗಿಯರು ತುಟಿ ಕಚ್ಚಿಕೊಂಡು ನೋಡಿದರು.

ನಿರ್ಧಾರವಾಗುವ ಮೊದಲೇ ದೊಡ್ಡ ಡಾಕ್ಟರೇ ಒಳಗೆ ಬಂದರು. ಒಂದು ಕೈ ಸೊಂಟದ ಮೇಲೆ. ಕುತ್ತಿಗೆ ಒಂದು ಕಡೆ ವಾಲಿತ್ತು.

"ಪಾಠ ಹೇಗೆ ನಡೀತಿದೆ?"

"ಚೆನ್ನಾಗಿದೆ ಸಾರ್. ಮಾಮ ಇವತ್ತು ತುಂಬಾ ಸಹಕಾರ ಕೊಡ್ತಿದಾರೆ."

"ಹ್ಞೂಂ. ನೋಡಮ್ಮಾ, ನನಗೊಂದು ಸಂದೇಹ. ಆ ಬ್ರದರ್‌ಗೆ ಸ್ಟೋರಿನ ಕೆಲಸ ಕೊಡೋಣಾ ಬೇಡ್ವಾ? ಅವನಂತೂ ಬರಲಿಲ್ಲ. ಈ ಗೊಂಬೆಮಾಮನನ್ನೇ ಕೇಳ್ತೀನಿ." ಅವರು ಮಂಚದತ್ತ ಬಾಗಿದರು. "ಏನ್ ಮಾಮ, ಕೊಡೋಣ್ವಾ? ಬೇಡ ಅಂದ್ರೆ ಸುಮ್ನಿರು. ಕೊಡಿ ಅನ್ನೋದಾದ್ರೆ ಮಾತಾಡು."

ಬ್ರದರ್ ಒಂದು ಕಣ್ಣು ತೆರೆದ. ಹತ್ತಿರದಲ್ಲೇ ದೊಡ್ಡ ಡಾಕ್ಟರ ಮೂಗು. ಅವರ ಹಿಂದೆ ಹಲ್ಲುಗಳ ಸಾಲು. ಅದೇ ಹೊತ್ತಿಗೆ, ಎಲ್ಲರೂ ಮುಂದೆ ನುಗ್ಗಿದ ರಭಸಕ್ಕೆ ಪರದೆ ಅಲ್ಲಾಡಿ, ನಿಜವಾದ ಗೊಂಬೆಮಾಮ "ದಬಾರ್" ಎಂದು ನೆಲಕ್ಕೆ ಬಿದ್ದು, ನೇರ ಮಂಚದ ಕೆಳಗಿನ ಬೂಟುಗಳ ಕಡೆ ಮುಖ ಮಾಡಿ ಮಲಗಿದ.

"ಕೊ... ಕೊಡಿ ಸಾರ್" ಎಂದಿತು ಮಾಸ್ಕು.

ಆಮೇಲೆ ಎದ್ದ ನಗೆಗೆ ಪಕ್ಕದ ವಾರ್ಡಿನ ರೋಗಿಗಳೂ ಎದ್ದು ಕೂತರಂತೆ.

"ಎಲ್ಲರಿಗೂ ಗೊತ್ತಿತ್ತಾ?" ಬ್ರದರ್ ಮಾಸ್ಕು ಕಿತ್ತೆಸೆದು ಕೇಳಿದ.

"ಬಾಗಿಲಲ್ಲೇ ಹೇಳಿ ಒಳಗೆ ಕರ್ಕೊಂಡು ಬಂದಿದ್ದೆ" ಎಂದಳು ಟ್ಯೂಟರಮ್ಮ. "ಗೊರಕೆ ಹೊಡೆಯೋ ಗೊಂಬೆ ಯಾವ ಕಂಪನಿ ಮಾಡುತ್ತೆ ಬ್ರದರ್?"

ಕನ್ನಡಕದ ಹುಡುಗಿ ಮುಂದೆ ಬಂದು ಮೆಲ್ಲಗೆ ಹೇಳಿದಳು: "ನಾಟಕ ಎಲ್ಲಾ ನಾಟಕ ಬ್ರದರ್. ನಾನು ಮೂರ್ಛೆ ಹೋಗಿದ್ದು ಮಾತ್ರ ನಿಜ. ಮುಖಕ್ಕೆ ಮುಖ ಕೊಟ್ಟು ಹೇಳೋಕೆ ಇಷ್ಟು ದಿನ ನಾಚಿಕೆ ಆಗ್ತಿತ್ತು."

ಬ್ರದರ್ ಏನೋ ಹೇಳಲು ಹೋದ. ವಾಷರ್ ಮತ್ತೆ ತೊಂದರೆ ಕೊಟ್ಟಿತು.

"ಹಾಗಾದ್ರೆ ನನ್ನ ಮೊದಲು ನೋಡಿದೋರು ಯಾರು?"

ಎಲ್ಲರೂ ದೊಡ್ಡ ಡಾಕ್ಟರ ಕಡೆ ನೋಡಿದರು. ದೊಡ್ಡ ಡಾಕ್ಟರು ಚಾವಣಿಯ ಕಡೆ ನೋಡಿದರು.

"ಬುಧವಾರ ನನ್ನ ಸರದಿ ಕಣಯ್ಯಾ!" ಎಂದು ಕೊನೆಗೆ ಸಿಡಿದರು. "ಬೆಳಗಿಂದ ಆಪರೇಷನ್ ಮೇಲೆ ಆಪರೇಷನ್ ಮಾಡಿ, ಒಂದು ಗಳಿಗೆ ಮಲಗೋಣ ಅಂತ ಬಾಗಿಲು ತೆಗೆದ್ರೆ ನೀನು! ಎಬ್ಬಿಸೋಣ ಅಂದ್ರೆ ಮನಸ್ಸು ಬರ್ಲಿಲ್ಲ. ಟ್ಯೂಟರಮ್ಮನಿಗೆ ಒಂದು ಮಾತು ಹೇಳಿ, ಹೋಗಿ ಮೇಜಿನ ಮೇಲೆ ತಲೆ ಇಟ್ಟು ಮಲಗಿದೆ. ನೋಡು ಈ ಕುತ್ತಿಗೆ!"

ಬ್ರದರ್ ಅವಸರದಲ್ಲಿ ಎದ್ದು ಕೂತು ದಿಂಬನ್ನು ದೊಡ್ಡ ಡಾಕ್ಟರತ್ತ ಚಾಚಿದ.

"ಈ ಹಾಸಿಗೆಗೆ ನೀನೊಬ್ಬನೇ ಗಿರಾಕಿ ಅಂದ್ಕೊಂಡ್ಯಾ?" ಎಂದಳು ಟ್ಯೂಟರಮ್ಮ. "ಸೋಮವಾರ ಎಕ್ಸ್-ರೇಯವರು. ಮಂಗಳವಾರ ನಾನು. ಗುರುವಾರ ಸ್ಟೋರಿನ ಮುದುಕಪ್ಪ. ಶುಕ್ರವಾರ ಸುದ್ದಿಯಕ್ಕ."

"ಇದೊಂದು ಸುದ್ದಿ ಮಾತ್ರ ನಾನು ಯಾರಿಗೂ ಹೇಳಿಲ್ಲಪ್ಪ" ಎಂದಳು ಸುದ್ದಿಯಕ್ಕ, ಕೋಲಿಗೆ ಗದ್ದ ಊರಿ.

"ಸ್ಟೋರಿನ ಮುದುಕಪ್ಪನಾ? ಅವರಿಗೆ ಕುರ್ಚಿ ಇದೆಯಲ್ಲ! ತಿರುಗೋ ಕುರ್ಚಿ!"

"ಬೆನ್ನಿದೆ. ಸೀಟಿಲ್ಲ" ಎಂದರು ದೊಡ್ಡ ಡಾಕ್ಟರು. "ಸೀಟು ಕಿತ್ತು ಹೋಗಿ ಎಷ್ಟೋ ಕಾಲ ಆಯ್ತು. ಕಿಟಕಿಯಿಂದ ನೋಡೋರಿಗೆ ಬೆನ್ನು ಕಾಣ್ಲಿ ಅಂತ ಇಟ್ಟಿದಾರೆ. ಆ ಮನುಷ್ಯ ನಿಂತೇ ಕೆಲಸ ಮಾಡಿ, ನಿಂತೇ ನಿವೃತ್ತನಾಗ್ತಿದಾನೆ. ಈಗ ಹೇಳು, ಸ್ಟೋರಿಗೆ ಹೋಗ್ತೀಯಾ?"

ಇಷ್ಟು ಕಾಲ ತಾನು ಪ್ರೀತಿಸಿದ್ದು ಬರೀ ಬೆನ್ನನ್ನು! ಬ್ರದರ್ ಹುಡುಗಿಯರ ಕಡೆ ನೋಡಿದ. ಹತ್ತು ಮುಖ. ಬೇಸಿನ್ನಿನಲ್ಲಿ ಇನ್ನೂ ಸಣ್ಣಗೆ ಹಬೆಯಾಡುತ್ತಿದ್ದ ನೀರು.

"ಬೇಡ ಸಾರ್. ವಾರ್ಡಲ್ಲೇ ಇರ್ತೀನಿ. ಒಂದು ಸ್ಟೂಲು ಮಾತ್ರ..."

"ನಾಳೆ ನನ್ನ ಕೋಣೆಯಿಂದ ಒಂದು ಕುರ್ಚಿ ತಗೊಂಡು ಹೋಗು. ನಾನು ಮಲಗೋಕೆ ಆಗದ ಕುರ್ಚಿ, ನಿನಗೆ ಕೂರೋಕಾದ್ರೂ ಆಗುತ್ತೋ ನೋಡು" ಎಂದರು ದೊಡ್ಡ ಡಾಕ್ಟರು. "ಮತ್ತೆ, ಮುದುಕಪ್ಪ ಹೋದ್ಮೇಲೆ ಗುರುವಾರದ ಸರದಿ ಖಾಲಿ. ಆತ ನಾಳೆಯಿಂದಲೇ ರಜೆ. ಗುರುವಾರ ನಿಂದು."

ಬ್ರದರ್ ಕೈ ಮುಗಿದ. ಗಾದಿಯನ್ನು ಒಮ್ಮೆ ಸವರಿದ. ವಾರಕ್ಕೊಮ್ಮೆ, ಈ ಸ್ವರ್ಗ! "ನಾಳೆಯೇ ಗುರುವಾರ! ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳ್ಲಿ..."

"ಥ್ಯಾಂಕ್ಸ್ ನಾವೇ ಹೇಳ್ಬೇಕು ಬ್ರದರ್" ಎಂದಳು ತುಂಟಿ, ಬೆರಳುಗಳನ್ನು ಸಿರಿಂಜಿನಂತೆ ಹಿಡಿದು. "ಇವತ್ತು ನಿಂತ ಸೂಜಿ ಪಾಠ ನಾಳೆ ಮಧ್ಯಾಹ್ನಕ್ಕೆ ಹಾಕಿದಾರೆ. ಇನ್ಮೇಲೆ ಪ್ರತಿ ಗುರುವಾರ. ಆಗುತ್ತೆ, ಆಗುತ್ತೆ, ಎಲ್ಲಾ ಸರಿಯಾಗುತ್ತೆ!"

ಬ್ರದರ್ ಅವಳ ಬೆರಳುಗಳನ್ನೇ ನೋಡಿದ. ಅವಳು ತೆಗೆದ ತನ್ನದೇ ದನಿ, ನೆಲದ ಮೇಲೆ ಬೂಟು ಮೂಸುತ್ತ ಮಲಗಿದ ಗೊಂಬೆಮಾಮ, ವಾಲಿದ ಕುತ್ತಿಗೆಯ ದೊಡ್ಡ ಡಾಕ್ಟರು, ಸೀಟಿಲ್ಲದ ಕುರ್ಚಿ, ಎಲ್ಲ ಒಟ್ಟಿಗೆ ತಲೆಗೆ ಬಂತು. ಮೊದಲು ಹೊಟ್ಟೆ ಕುಲುಕಿತು. ಆಮೇಲೆ ಹೆಗಲು. ಆಮೇಲೆ ಬ್ರದರ್ ನಗಲು ಶುರು ಮಾಡಿದ. ಉಳಿದವರ ನಗುವೆಲ್ಲ ಅವನ ನಗುವಿನಲ್ಲಿ ಮುಳುಗಿಹೋಯಿತು. ಮಂಚ ಅಲುಗಿತು, ಬೇಸಿನ್ನಿನ ನೀರು ತುಳುಕಿತು. ತೊಡೆ ತಟ್ಟಿಕೊಂಡು, ಹಿಂದಕ್ಕೆ ಬಾಗಿ, ಮುಂದಕ್ಕೆ ಬಾಗಿ...

"ಕಟಕ್."

ಪ್ರಶ್ನಾರ್ಥಕ ಚಿಹ್ನೆಯಾಗಿಯೇ ನಿಂತುಹೋದ. ನಗು ಮಾತ್ರ ನಿಲ್ಲಲಿಲ್ಲ.

ಹತ್ತು ಹುಡುಗಿಯರೂ ಮಂಚದ ಸುತ್ತ ಬಂದು ಒಂದೇ ದನಿಯಲ್ಲಿ ಹೇಳಿದರು: "ಮಾಮ, ಈಗ ನಿಮ್ಮನ್ನು ಎಡಕ್ಕೆ ತಿರುಗಿಸ್ತೀವಿ. ಹೆದರ್ಬೇಡಿ, ಹಿಡ್ಕೊಂಡಿದೀವಿ."